ಕಂಟೇನರಿನಲ್ಲಿ ಬಂದಿಳಿಯುವ ಜೀತವನ್ನು ಕೇಳುವವರಾರು? ಕೇಂದ್ರ ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ,

ನಮಸ್ಕಾರ. ಮುಂಬಯಿಯ ಮಸ್ಜಿದ್ ಬಂದರ್, ಫೋರ್ಟ್ ಸುತ್ತಮುತ್ತಲಿನ ಸಣ್ಣ ಆಮದು ಕಂಪನಿಗಳ ಕನ್ನಡಿಗರು ನಾವು. ಐದಾರು ಜನರ ಕಚೇರಿಗಳು. ಮಾಲು ಇಳಿಯುವುದು ನ್ಹಾವಾ ಶೇವಾ ಬಂದರಿನಲ್ಲಿ. ನಮ್ಮ ಬೇಡಿಕೆ ಒಂದೇ: ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್ ಸಂಖ್ಯೆ) ಅಪ್‌ಡೇಟ್ ಮಾಡುವಾಗ, ಮಾಲಿನ ಹಿಂದೆ ಜೀತದ ದುಡಿಮೆ ಇಲ್ಲವೆಂದು ಹೇಗೆ ಪರಿಶೀಲಿಸಿದಿರಿ ಎಂದು ಕೇಳುವ ಒಂದು ಪುಟದ ನಮೂನೆಯನ್ನು ಕಡ್ಡಾಯ ಮಾಡಿ.

1992ರ ವಿದೇಶ ವ್ಯಾಪಾರ ಕಾಯ್ದೆಯ 3ನೇ ಕಲಂ ಆಮದನ್ನು ನಿಯಂತ್ರಿಸಲು ಸರ್ಕಾರಕ್ಕೆ ಕೊಟ್ಟಿರುವ ಅಧಿಕಾರ ನಿಮಗೆ ಗೊತ್ತಿದೆ. ಸಂವಿಧಾನದ 23ನೇ ವಿಧಿ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಎರಡೂ ಗೊತ್ತಿವೆ. ಅವು ನಮ್ಮ ನೆಲದ ಜೀತಕ್ಕೆ. ಹೊರದೇಶದ ಜೀತದಿಂದ ತಯಾರಾದ ಮಾಲು ಬಂದರಿಗೆ ಬಂದರೆ ತಡೆಯುವ ನಿಯಮ ನಮ್ಮಲ್ಲಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ ಕೇಳುವ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಬಿಆರ್‌ಎಸ್‌ಆರ್ ವರದಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಮಾತ್ರ. ಜವಾಬ್ದಾರಿಯುತ ವ್ಯಾಪಾರದ 2019ರ ರಾಷ್ಟ್ರೀಯ ಮಾರ್ಗಸೂಚಿ ಇಷ್ಟವಿದ್ದವರಿಗೆ. ನಮ್ಮಂಥವರನ್ನು ಯಾರೂ ಕೇಳುವುದೇ ಇಲ್ಲ.

2020ರ ಜುಲೈ ನೆನಪಿಸಿಕೊಳ್ಳಿ. ಆಸ್ಪತ್ರೆಗಳೆಲ್ಲ ರಬ್ಬರ್ ಗ್ಲೌಸಿಗೆ ಪರದಾಡುತ್ತಿದ್ದ ಹೊತ್ತು. ಆಗಲೂ ಅಮೆರಿಕದ ಕಸ್ಟಮ್ಸ್, ಮಲೇಷ್ಯಾದ ಟಾಪ್ ಗ್ಲವ್ ಗುಂಪಿನ ಎರಡು ಕಂಪನಿಗಳ ಮಾಲನ್ನು ತಡೆಹಿಡಿಯಿತು. ಸಾಲದ ಜೀತ, ಮಿತಿಮೀರಿದ ಓವರ್‌ಟೈಮ್, ಕಾರ್ಮಿಕರ ಗುರುತಿನ ಕಾಗದಗಳನ್ನು ಕಿತ್ತಿಟ್ಟುಕೊಂಡದ್ದು ಅದಕ್ಕೆ ಕೊಟ್ಟ ಕಾರಣಗಳು. ನೇಪಾಳ, ಬಾಂಗ್ಲಾದೇಶಗಳಿಂದ ಹೋದವರು ಕೆಲಸ ಸಿಗಲೆಂದು ಏಜೆಂಟನಿಗೆ ಹಣ ತೆತ್ತು, ಆ ಸಾಲ ತೀರಿಸಲೆಂದೇ ದುಡಿಯುತ್ತಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ತಡೆ ತೆಗೆಯುವ ಹೊತ್ತಿಗೆ 3 ಕೋಟಿ ಡಾಲರಿಗೂ ಹೆಚ್ಚು ಹಣ ಕಾರ್ಮಿಕರಿಗೆ ಮರಳಿತ್ತು. ಬಂದರಿನಲ್ಲಿ ಒಬ್ಬರು ಕೇಳಿದ್ದಕ್ಕೆ ಇಷ್ಟಾಯಿತು. ಆದರೆ ಅಲ್ಲಿ ತಡೆದ ಮಾಲನ್ನು ಬೇರೆ ದೇಶಕ್ಕೆ ಮರುರಫ್ತು ಮಾಡಲು ಆಮದುದಾರನಿಗೆ ಅವಕಾಶವಿದೆ. ಅಂಥದ್ದು ನ್ಹಾವಾ ಶೇವಾಕ್ಕೆ ಬಂದರೆ? ಮಾಲಿನ ವರ್ಗ ತಿಳಿಸುವ ಎಚ್‌ಎಸ್ ಕೋಡ್ ಸರಿಯಿದೆ, ಸುಂಕ ಕಟ್ಟಿದೆ, ಕಸ್ಟಮ್ಸಿನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿ ಪಾಸ್. ನಮಗೆ ಇದು ನಾಚಿಕೆ. ನಿಮಗೂ ಆಗಬೇಕು, ಸಚಿವರೇ.

ಸಣ್ಣವರಿಂದ ಆಗದು ಎನ್ನಬೇಡಿ. ಬೇರೆ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಬೇಕೆಂದರೆ, ಕಾರೋಟಾರ್ ಎಂಬ 2020ರ ಕಸ್ಟಮ್ಸ್ ನಿಯಮದಂತೆ ಮಾಲು ಎಲ್ಲಿ ಹೇಗೆ ತಯಾರಾಯಿತು ಎಂಬ ಫಾರಂ 1ರ ಮಾಹಿತಿ ನಮ್ಮ ಕೈಯಲ್ಲಿರಬೇಕು, ದಾಖಲೆಗಳನ್ನು ಐದು ವರ್ಷ ಇಡಬೇಕು. ಸಣ್ಣವರೂ ಅದನ್ನು ಮಾಡುತ್ತಿದ್ದೇವೆ. ಸುಂಕ ಉಳಿಸಲು ಕೇಳುವ ಪ್ರಶ್ನೆಯನ್ನು ಮನುಷ್ಯರನ್ನು ಉಳಿಸಲು ಕೇಳಬಾರದೇ?

ಆ ಪುಟದಲ್ಲಿ ಏನಿರಬೇಕೆಂದೂ ಹೇಳುತ್ತೇವೆ. ಮೂವತ್ತು ಸಪ್ಲೈಯರ್‌ಗಳಿದ್ದರೆ ಮೂವತ್ತೂ ಕಡೆ ಹೋಗಿ ನೋಡಲು ಸಣ್ಣ ಕಂಪನಿಗೆ ಆಗದು. ಏಜೆಂಟರ ಮೂಲಕ ವಲಸಿಗರನ್ನು ತರಿಸುವ ಕಾರ್ಖಾನೆ, ಸೀಸನ್ ಕೆಲಸ, ಕೈಕೆಲಸ ಹೆಚ್ಚಿರುವ ಮಾಲು, ಇವನ್ನು ಮೊದಲು ಹಿಡಿಯಬೇಕು. ಏಜೆಂಟನ ಫೀ ಕಟ್ಟಿದವರು ಯಾರು? ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ? ಸಂಬಳದ ಚೀಟಿಯಲ್ಲಿ ಏನೇನು ಕಡಿತ? ಕೆಲಸ ಬಿಟ್ಟರೆ ದಂಡವಿದೆಯೇ? ‘ನಮ್ಮಲ್ಲಿ ಬಲವಂತದ ದುಡಿಮೆ ಇಲ್ಲ’ ಎಂಬ ಕಾಗದಕ್ಕೆ ಸಹಿ ಮಾತ್ರ ಸಾಲದು. ಅದನ್ನು ಯಾರು ಬೇಕಾದರೂ ಹಾಕುತ್ತಾರೆ.

ಲೆಕ್ಕವನ್ನೂ ಕೇಳಬೇಕು. ಒಂದು ಚೀಲ ಹೊಲಿಯಲು 24 ನಿಮಿಷ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ ಒಂದು ಮೆಷಿನ್ನಿನಲ್ಲಿ 20, ನಲವತ್ತು ಮೆಷಿನ್ನುಗಳಲ್ಲಿ 800, ಇಪ್ಪತ್ತಾರು ದಿನಕ್ಕೆ 20,800. ಬಂದದ್ದು 30,000 ಆದರೆ ಉಳಿದ 9,200 ಹೊಲಿದವರು ಯಾರು? ಒಂದೋ ರಾತ್ರಿಯೆಲ್ಲ ಕೂರಿಸಿ ಹೊಲಿಸಿದ್ದಾರೆ, ಇಲ್ಲವೇ ನಮಗೆ ಹೆಸರೂ ಗೊತ್ತಿಲ್ಲದ ಉಪಗುತ್ತಿಗೆಯ ಶೆಡ್ಡಿಗೆ ಕೊಟ್ಟಿದ್ದಾರೆ. ಇದರಲ್ಲಿ ಆಮದುದಾರರ ಪಾಲೂ ಇದೆ. ಆರ್ಡರ್ ಕೊಟ್ಟಾದ ಮೇಲೆ ಬಣ್ಣ ಬದಲಿಸಿ, ತಾರೀಕು ಮಾತ್ರ ಬದಲಿಸದಿದ್ದರೆ ಆ ರಾತ್ರಿಪಾಳಿಯನ್ನು ನಾವೇ ಹೇರಿದಂತೆ.

ಮೊದಲೇ ತಿಳಿಸಿ ಹೋಗುವ ಆಡಿಟ್‌ಗಾಗಿ ಬೇರೆಯೇ ಹಾಜರಿ ಪುಸ್ತಕ ಬರೆದಿಡುವವರಿದ್ದಾರೆ. ಕಾರ್ಮಿಕರ ಜೊತೆ ಮಾತು ಕಾರ್ಖಾನೆಯ ಹೊರಗೆ, ಅವರ ಭಾಷೆಯಲ್ಲಿ, ಮಾಲೀಕ ಕಳಿಸಿದ ದುಭಾಷಿ ಇಲ್ಲದೆ ಆಗಬೇಕು. ತಪ್ಪು ಸಿಕ್ಕಿದ ದಿನವೇ ಆರ್ಡರ್ ರದ್ದು ಮಾಡಿದರೆ ಕೆಲಸ ಹೋಗುತ್ತದೆ, ಸಾಲ ಉಳಿಯುತ್ತದೆ. ಮೊದಲು ಪಾಸ್‌ಪೋರ್ಟ್ ಅವರ ಕೈಗೆ ಬರಬೇಕು. ಆಮೇಲೆ ಏಜೆಂಟ್ ಫೀ ವಾಪಸ್ಸಿಗೆ ತಿಂಗಳ ಕಂತು, ತಾರೀಕು ಗೊತ್ತುಮಾಡಬೇಕು. ತಪ್ಪಿದರೆ ವ್ಯಾಪಾರ ಬಂದ್.

ಇಷ್ಟೆಲ್ಲ ಕೇಳುವ ಆಮದುದಾರನಿಗೆ ಸಪ್ಲೈಯರ್‌ನಿಂದ ಸಿಗುವ ಉತ್ತರ: ‘ನಿಮ್ಮ ಸರ್ಕಾರವೇ ಕೇಳುವುದಿಲ್ಲ, ನಿಮಗ್ಯಾಕೆ?’ ಅದೇ ಮಾಲು ಅದೇ ಗಲ್ಲಿಯ ಪಕ್ಕದ ಗೋದಾಮಿಗೆ ಹೋಗುತ್ತದೆ, ಕಡಿಮೆ ದರಕ್ಕೆ ಮಾರಾಟವಾಗುತ್ತದೆ. ಕೇಳಿದವನು ಗಿರಾಕಿ ಕಳೆದುಕೊಳ್ಳುತ್ತಾನೆ. ವರ್ಷ ವರ್ಷವೂ ಇದೇ. ಸಾಕಾಗಿದೆ. ಎಲ್ಲರನ್ನೂ ಕೇಳಿ, ಕಡ್ಡಾಯವಾಗಿ ಕೇಳಿ ಎಂದು ಅಂಗಲಾಚುತ್ತಿರುವುದು ಇದಕ್ಕೇ.

ಬಲವಂತದ ದುಡಿಮೆಯ ಮಾಲಿನ ಮೇಲೆ ಯುರೋಪ್ ಒಕ್ಕೂಟದ ನಿಷೇಧ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ಆ ಬಾಗಿಲೂ ಮುಚ್ಚಿದರೆ ಮಾಲು ಯಾವ ಬಂದರಿಗೆ ತಿರುಗುತ್ತದೆಂದು ನಿಮ್ಮ ಅಧಿಕಾರಿಗಳಿಗೆ ನಾವು ಹೇಳಿಕೊಡಬೇಕಿಲ್ಲ. ಅಲ್ಲಿಯವರೆಗೆ ಕಾಯಬೇಡಿ. ಬರುವ ಏಪ್ರಿಲ್‌ನ ಐಇಸಿ ಅಪ್‌ಡೇಟ್‌ಗೇ ಆ ಒಂದು ಪುಟ ಸೇರಲಿ. ಇಂಗ್ಲಿಷ್, ಹಿಂದಿಯ ಜೊತೆಗೆ ಮರಾಠಿ, ಗುಜರಾತಿ, ಕನ್ನಡದಲ್ಲೂ ಇರಲಿ. ತುಂಬದವರ ಐಇಸಿ ನಿಲ್ಲಿಸಿ. ನಮ್ಮದನ್ನೂ ಸೇರಿಸಿ.

ಇಂತಿ,
ಮುಂಬಯಿಯ ಕೆಲವು ಸಣ್ಣ ಆಮದುದಾರರು ಮತ್ತು ಅವರ ಕಚೇರಿಗಳ ನೌಕರರು