ವಾರ್ಡಿನ ಕೆಲಸಕ್ಕೆ ಹೊರಟ ಮಗನಿಗೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಜೊತೆಯವರೆಲ್ಲ ಬಂದೂಕು ಹಿಡಿದು ಮುಂದಕ್ಕೆ ಹೋಗುತ್ತಿರುವಾಗ ನಿನ್ನನ್ನು ಮಾತ್ರ ಸೇನಾ ಆಸ್ಪತ್ರೆಗೆ ಹಾಕಿದರೆಂದೂ, ಬೆಡ್‌ಪ್ಯಾನ್ ತೊಳೆಯುವುದಕ್ಕೆ ಸೈನ್ಯ ಸೇರಬೇಕಿತ್ತೇ ಎಂದು ನಿನಗೆ ಅನ್ನಿಸುತ್ತಿದೆಯೆಂದೂ ಬರೆದಿದ್ದೀಯೆ. ನಾನೂ ಅದೇ ಬೇಸರ ಹೊತ್ತು ವಾರ್ಡಿನ ಹೊಸ್ತಿಲು ದಾಟಿದವನು. ಅದನ್ನು ಮಾತಿನಿಂದ ಹೋಗಲಾಡಿಸುವ ಗೋಜಿಗೆ ಹೋಗುವುದಿಲ್ಲ. ಕೆಲಸ ಶುರುವಾದ ಮೇಲೆ ಬೇಸರಪಡಲು ನಿನಗೆ ಪುರುಸೊತ್ತೇ ಇರುವುದಿಲ್ಲ. ಬರೆಯಬೇಕೆಂದುಕೊಂಡದ್ದು ಬೇರೆ.

ನಾನು ಸೇರಿದ ಹೊಸತರಲ್ಲಿ, ಒಂದು ರಾತ್ರಿ, ಗಾಯಾಳುಗಳ ಗಾಡಿಗಳು ಒಂದರ ಹಿಂದೊಂದು ಬಂದವು. ಸ್ಟ್ರೆಚರ್‌ಗಳನ್ನು ಸಾಲಾಗಿ ನೆಲದ ಮೇಲೆಯೇ ಇಳಿಸಿದೆವು. ಯಾರು ಜೋರಾಗಿ ಕೂಗಿದರೋ ಅವರ ಬಳಿಗೆ ನಾನು ಓಡಿದೆ. ಗೋಡೆಯ ಪಕ್ಕದಲ್ಲಿದ್ದ ಹುಡುಗನೊಬ್ಬ, ನನಗೇನೂ ಆಗಿಲ್ಲ, ಅವರನ್ನು ನೋಡಿ ಎಂದ. ಹೊದಿಕೆಯ ಮೇಲೆ ಒಂದು ಹನಿ ರಕ್ತವೂ ಕಾಣದ್ದರಿಂದ ನಾನು ಅವನ ಮಾತನ್ನೇ ನಂಬಿ ಮುಂದೆ ಹೋದೆ. ನನ್ನ ಹಿಂದೆಯೇ ಬಂದ ಸಿಸ್ಟರ್ ಹೊದಿಕೆ ಎತ್ತಿ ನೋಡಿದಾಗ ಅವನ ತೊಡೆ ಬಾತು ಪ್ಯಾಂಟಿನ ಬಟ್ಟೆ ಬಿಗಿದುಕೊಂಡಿತ್ತು, ಹಣೆ ತಣ್ಣಗೆ ಬೆವರಿತ್ತು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ. ತೊಡೆಯ ಮೂಳೆ ಮುರಿದರೆ ಒಂದು ಲೀಟರಿಗೂ ಮೀರಿದ ರಕ್ತ ಹೊರಗೆ ಕಾಣದೆ ಒಳಗೇ ಸೋರಿಹೋಗಬಲ್ಲದೆಂಬುದು ಪಾಠದಲ್ಲಿ ನನಗೆ ಬಾಯಿಪಾಠವಾಗಿತ್ತು. ಅವನು ಬದುಕಿದ, ಆದರೆ ನನ್ನಿಂದಲ್ಲ.

ಅಂದಿನಿಂದ ನಾನು ಮೊದಲು ಹೋಗುತ್ತಿದ್ದುದು ಸದ್ದಿಲ್ಲದವನ ಬಳಿಗೆ. ಕೂಗುವವನಿಗೆ ಉಸಿರಾದರೂ ಇದೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆ, ಹುದ್ದೆ ನೋಡದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ಸರದಿ ಗೊತ್ತುಮಾಡಬೇಕೆಂಬ ಕ್ರಮವನ್ನು ಹಾಕಿಕೊಟ್ಟ. 1949ರ ಜಿನೀವಾ ಒಪ್ಪಂದದ ಪ್ರಕಾರವೂ ಒಬ್ಬರಿಗಿಂತ ಮುಂಚೆ ಇನ್ನೊಬ್ಬರಿಗೆ ಚಿಕಿತ್ಸೆ ಕೊಡಲು ವೈದ್ಯಕೀಯ ತುರ್ತೊಂದೇ ಕಾರಣವಾಗಬಹುದು, ಮತ್ತು ಸೆರೆಸಿಕ್ಕ ಶತ್ರು ಸೈನಿಕನೂ ಈ ಲೆಕ್ಕದೊಳಗೇ ಬರುತ್ತಾನೆ. ನಿನ್ನ ಗೆಳೆಯನ ಪಕ್ಕದ ಹಾಸಿಗೆಯಲ್ಲಿ ಅಂಥವನೊಬ್ಬ ಮಲಗಿರುವ ದಿನ ಬಂದರೆ ಮನಸ್ಸು ಕುದಿಯುವುದು ಸಹಜ. ಕುದಿಯಲಿ, ಆದರೆ ಅವನ ಡ್ರೆಸ್ಸಿಂಗ್ ಬದಲಿಸುವ ಹೊತ್ತು ಮಾತ್ರ ತಪ್ಪಬಾರದು.

ಬಂದವನನ್ನು ಮೊದಲು ಬೆಚ್ಚಗೆ ಮಾಡು. ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆದು ಕಂಬಳಿ ಹೊದಿಸುವುದು ಬರಿಯ ಉಪಚಾರದ ಮಾತಲ್ಲ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಬಿಗಿಯುವ ಪಟ್ಟಿ, ಟೂರ್ನಿಕೆಟ್, ಕಟ್ಟಿದ್ದರೆ ಕಟ್ಟಿದ ವೇಳೆ ಬರೆದಿದೆಯೇ ನೋಡು, ನೋವಿಗೆ ಮಾರ್ಫಿನ್ ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಎಂದು ವಿಚಾರಿಸು. ರಕ್ತ ಕೊಡುವಾಗ ಚೀಲದ ಮೇಲಿನ ಗುಂಪು ಮತ್ತು ಸಂಖ್ಯೆಯನ್ನು ಇನ್ನೊಬ್ಬರ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡಿಕೊಂಡು, ಮೊದಲ 15 ನಿಮಿಷ ಅವನ ಪಕ್ಕದಿಂದ ಕದಲಬೇಡ. ಚಳಿ ಹತ್ತಿತೆಂದೋ ಸೊಂಟ ನೋಯುತ್ತದೆಂದೋ ಅವನು ಹೇಳಿದರೆ ಚೀಲವನ್ನು ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕೂಗು, ತಾನೇ ಸರಿಹೋದೀತೆಂದು ಕಾಯಬೇಡ.

ಗಾಡಿಗಳು ಬರುವ ರಾತ್ರಿಗಳನ್ನೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಆದರೆ ವಾರ್ಡಿನ ಬದುಕಿನಲ್ಲಿ ಅಂಥವು ಕಡಿಮೆ. ಮಿಕ್ಕ ದಿನಗಳಲ್ಲಿ ಬೆಳಗಿನ ಜ್ವರ, ನಾಡಿ ಬರೆಯುವುದು, ಹಾಸಿಗೆ ಬಟ್ಟೆ ಬದಲಿಸುವುದು, ಏಳಲಾರದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಬಕೆಟ್ಟು ಹೊತ್ತು ಓಡಾಡುವುದು, ಇಷ್ಟೇ. ನೀನು ಹೀಗಳೆದ ಬೆಡ್‌ಪ್ಯಾನ್ ಕೂಡ ಈ ಕೆಲಸದ್ದೇ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೇನಾ ಆಸ್ಪತ್ರೆಗೆ ಬಂದಾಗ ಅಲ್ಲಿ ಗಾಯಕ್ಕಿಂತ ಭೇದಿ, ವಿಷಮಜ್ವರಗಳಿಂದ ಸಾಯುತ್ತಿದ್ದವರೇ ಹೆಚ್ಚು. ಮುಂದಿನ ವರ್ಷ ಚರಂಡಿಗಳನ್ನು ತೊಳೆಸಿ ಗಾಳಿಯಾಡಲು ದಾರಿ ಮಾಡಿದ ಮೇಲೆ ಸಾವುಗಳು ತೀರ ಇಳಿದವು. ಒಬ್ಬನ ಹಾಸಿಗೆಯಿಂದ ಇನ್ನೊಬ್ಬನ ಹಾಸಿಗೆಗೆ ಹೋಗುವಾಗ ಕೈ ತೊಳೆಯದವನು ಎಷ್ಟೇ ಧೈರ್ಯಶಾಲಿಯಾದರೂ ನನಗೆ ಬೇಡದವನು.

ಪ್ಲಾಸ್ಟರ್ ಹಾಕಿದ ಕಾಲಿನ ಬೆರಳುಗಳನ್ನು ದಿನಕ್ಕೆ ಹಲವು ಸಲ ಮುಟ್ಟಿ ನೋಡು. ಅವು ತಣ್ಣಗಾಗಿ ಬಣ್ಣ ಕಳೆದುಕೊಂಡಿದ್ದರೆ, ಅಥವಾ ಔಷಧಿ ಕೊಟ್ಟರೂ ಬಗ್ಗದ ನೋವೆಂದು ಅವನು ನರಳಿದರೆ, ಸುಮ್ಮನೆ ಅಳುಬುರುಕನೆಂದು ತಳ್ಳಿಹಾಕಬೇಡ. ಒಳಗೆ ಬಾವು ಬಿಗಿದು ರಕ್ತ ಹರಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಕಾಲು ಹೋದೀತು. ಸದ್ದಿಲ್ಲದವನನ್ನು ಮೊದಲು ನೋಡೆಂದು ಹೇಳಿ ಈಗ ನರಳುವವನನ್ನೂ ನಂಬೆನ್ನುತ್ತಿದ್ದೇನಲ್ಲ ಎಂದು ನೀನು ನಗಬಹುದು. ನಗು, ಆದರೆ ಇಬ್ಬರನ್ನೂ ಕೈಯಿಂದ ಮುಟ್ಟಿ ನೋಡದೆ ತೀರ್ಮಾನಿಸಬೇಡ.

ಊರಿಗೆ ಕಾಗದ ಬರೆದುಕೊಡೆಂದು ಕೈಯಿಲ್ಲದವರು ಕೇಳುತ್ತಾರೆ. ಅವರು ಹೇಳಿದ್ದನ್ನಷ್ಟೇ ಬರೆ, ತಿದ್ದಬೇಡ. ಕೈ ಹೋದ ಸುದ್ದಿಯನ್ನು ಅವರು ಮುಚ್ಚಿಟ್ಟರೆ ನೀನೂ ಮುಚ್ಚಿಡು.

ಜೇಬಿನಲ್ಲಿ ಸಣ್ಣ ಟಾರ್ಚೊಂದು ಸದಾ ಇರಲಿ. ದೀಪ ಆರಿಸಿದ ಮೇಲೆ ಸುತ್ತು ಹಾಕುವಾಗ ಅದರ ಬೆಳಕನ್ನು ಮುಖಕ್ಕೆ ಬಿಡದೆ ಅಂಗೈಯಲ್ಲಿ ಮರೆಮಾಡಿ ಹೊದಿಕೆಯ ಕೆಳಗೆ ಹಿಡಿ. ನಿದ್ದೆ ಹತ್ತಿದವನಿಗೆ ಎಚ್ಚರವಾಗುವುದಿಲ್ಲ, ಬ್ಯಾಂಡೇಜು ನೆನೆದಿದ್ದರೆ ನಿನಗೆ ಕಾಣುತ್ತದೆ. ಹೊಸ ಸೆಲ್ಲುಗಳನ್ನು ಈ ಪತ್ರದೊಂದಿಗೇ ಕಳಿಸಿದ್ದೇನೆ, ತಲುಪಿದ್ದಕ್ಕೆ ಎರಡು ಸಾಲು ಬರೆ.

ಇಂತಿ,
ನಿನ್ನ ದೊಡ್ಡಪ್ಪ