ಮಗಳಿಗೊಂದು ಪತ್ರ: ಮರಳನ್ನು ಕಲ್ಲಿಗೇ ಬಿಡು

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಜೈಸಲ್ಮೇರಿನಿಂದ ನೀನು ಕಳಿಸಿದ ಸ್ಕೆಚ್ಚುಗಳನ್ನು ನಾನೂ ಅಮ್ಮನೂ ನೋಡಿದೆವು. ಎಕ್ಕದ ಗಿಡ ಕಂಡು ಅಮ್ಮ, "ಹನುಮಪ್ಪನಿಗೆ ಹಾರ ಮಾಡೋದಲ್ವಾ ಇದು, ಅಲ್ಲೂ ಬೆಳೆಯುತ್ತಾ!" ಅಂದಳು. ನನಗೆ ಹಿಡಿಸಿದ್ದು ಖೇಜ್ಡಿ. ದಸರೆಗೆ ನಾವು ಪೂಜಿಸುವ ಬನ್ನಿ ಮರವೇ ಅದು.

ಪುಣೆಗೆ ಮರಳಿದ ಮೇಲೆ ಇವನ್ನೆಲ್ಲ ಲಿಥೋದಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು, ಅಚ್ಚು ಹಾಕುತ್ತೇನೆ ಅಂದಿದ್ದೀಯ. ಆಫ್‌ಸೆಟ್ ಮೆಷಿನ್ ಮುಂದೆ ಆಯುಷ್ಯ ಕಳೆದವನು, ಸುಮ್ಮನಿರಲಾಗುತ್ತಿಲ್ಲ. ಮರಳನ್ನು ಬಿಡಿಸಲು ಹೋಗಬೇಡ. ಕಾರ್ಬೊರಂಡಮ್ ಪುಡಿ, ನೀರು ಹಾಕಿ ಉಜ್ಜಿದ ಕಲ್ಲಿನಲ್ಲಿ ಸಣ್ಣ ತರಿ ಏಳುತ್ತದಲ್ಲ, ಮರಳು ಅಲ್ಲೇ ಇದೆ. ಜಿಡ್ಡಿನ ಕ್ರೇಯಾನನ್ನು ಹಗುರವಾಗಿ ಎಳೆದರೆ ಜಿಡ್ಡು ತರಿಯ ತುದಿಗಷ್ಟೇ ಹತ್ತುತ್ತದೆ, ಸಂದುಗಳು ಬೆಳ್ಳಗೇ ಉಳಿಯುತ್ತವೆ. ಒತ್ತಿದೆಯೋ, ಸಂದೆಲ್ಲ ತುಂಬಿ ಅಚ್ಚಿನಲ್ಲಿ ಬರೀ ಕಪ್ಪು. ದಿಬ್ಬದ ನೆರಳನ್ನು ನೀನು ಪೆನ್ಸಿಲಿನಲ್ಲಿ ಒತ್ತಿ ಒತ್ತಿ ತಿದ್ದಿದ್ದೀಯ. ಕಾಗದದ ಮೇಲೆ ಅದು ನಡೆಯುತ್ತದೆ, ಕಲ್ಲಿನ ಮೇಲೆ ನಡೆಯುವುದಿಲ್ಲ. ಆಕಾಶವನ್ನಂತೂ ಮುಟ್ಟಲೇಬೇಡ.

ಆ ಕಡೆ ಕುಮಟ್ ಅನ್ನುವ ಮುಳ್ಳುಮರ ಕಂಡೆಯಾ? ಕಲ್ಲಿಗೆ ಬಳಿಯುವ ಗಮ್ ಅರೇಬಿಕ್ ಅದೇ ಜಾತಿಯ ಮರದ ಗೋಂದು. ತುಸು ನೈಟ್ರಿಕ್ ಆಸಿಡ್ ಬೆರೆಸಿ ಹಚ್ಚಿದರೆ ಗೆರೆಯಿಲ್ಲದ ಜಾಗ ನೀರು ಹಿಡಿದುಕೊಂಡು ಶಾಯಿಯನ್ನು ಹತ್ತಿರ ಸೇರಿಸುವುದಿಲ್ಲ. ಅಂದರೆ ನಿನ್ನ ಚಿತ್ರದ ಬಿಳಿಯನ್ನು ಕಾಯುವುದೂ ಮರುಭೂಮಿಯ ಗಿಡವೇ. ಬವೇರಿಯಾದ ಸೆನೆಫೆಲ್ಡರ್ 1796ರಲ್ಲಿ ಹಿಡಿದ ದಾರಿ ಇದು. ನಮ್ಮ ಪ್ರೆಸ್ಸಿನಲ್ಲೂ ಮೆಷಿನ್ ನಿಲ್ಲಿಸುವಾಗ ಪ್ಲೇಟಿಗೆ ಗಮ್ ಹಚ್ಚದೆ ಯಾರೂ ಮನೆಗೆ ಹೊರಡುತ್ತಿರಲಿಲ್ಲ.

ಬಣ್ಣದ ವಿಚಾರ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಲಿಥೋ ಪ್ರೆಸ್ ಹಾಕಿದ, ಆಮೇಲೆ ಅದು ನೀನು ಪುಣೆಗೆ ಓಡಾಡುವ ಹಾದಿಯ ಮಳವಲಿಗೆ ಹೋಯಿತು. ಅಲ್ಲಿ ಬಣ್ಣಕ್ಕೊಂದು ಕಲ್ಲು, ದೇವಿಯ ಒಂದು ಸೀರೆಗೇ ಎಷ್ಟೋ ಕಲ್ಲು. ನಿನಗೆ ಎರಡು ಸಾಕು: ಕಪ್ಪು, ಮತ್ತೊಂದು ಮಾಸಲು ಹಳದಿ. ಕೆಂಪು ಹಾಕಿದರೆ ಕಿರಾಣಿ ಅಂಗಡಿ ಕ್ಯಾಲೆಂಡರಿನ ಸೂರ್ಯಾಸ್ತ ಆಗುತ್ತದೆ, ನೋಡು. ಎರಡನೇ ಬಣ್ಣವನ್ನು ಮಳೆ ನಿಂತ ಮೇಲೆ ಹಾಕು. ಜುಲೈಯ ತೇವಕ್ಕೆ ಕಾಗದ ಹಿಗ್ಗಿ ರಿಜಿಸ್ಟರ್ ತಪ್ಪುತ್ತದೆ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ.

ಅಚ್ಚಿನಲ್ಲಿ ಎಡಬಲ ಅದಲುಬದಲು, ಗೊತ್ತಲ್ಲ? ಕೋಟೆ ಎಡಕ್ಕೆ ಬೇಕಿದ್ದರೆ ಕಲ್ಲಿನಲ್ಲಿ ಬಲಕ್ಕೆ ಬರಿ.

ಮೊದಲ ಪ್ರೂಫ್ ತೆಗೆದಾಗ ಫೋಟೋ ಕಳಿಸಬೇಡ, ಫೋನಿನಲ್ಲಿ ತರಿ ಕಾಣುವುದಿಲ್ಲ. ಒಂದು ಮಾತು ಹೇಳು, ಕಲ್ಯಾಣದಲ್ಲಿ ಗಾಡಿ ಹಿಡಿದು ನಾನೇ ಬರುತ್ತೇನೆ. ಅಮ್ಮ ಚಕ್ಕುಲಿ ಕೊಟ್ಟು ಕಳಿಸುತ್ತಾಳಂತೆ.

ನಿನ್ನ
ಅಪ್ಪ