ದಿನಕ್ಕೆ ಮೂರೇ ಪದ

ವಿಜಯಪುರ,
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟವ್ವಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಆಯಿಯ ಮೊಣಕಾಲು ನೋವು ಸ್ವಲ್ಪ ಕಡಿಮೆಯಾಗಿದೆ. ನಿನ್ನನ್ನೇ ನೆನೆಸುತ್ತಿರುತ್ತಾಳೆ.

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ನರ್ಸಿಂಗ್ ಕ್ಲಾಸಿನಲ್ಲಿ ಜ್ವರ ಬಂದ ಪೇಷಂಟಿಗೆ ಮೊದಲು ಏನು ಮಾಡುತ್ತೀ ಅಂತ ಸರ್ ಕೇಳಿದರು, ಉತ್ತರ ಗೊತ್ತಿತ್ತು, ಇಂಗ್ಲಿಷಿನಲ್ಲಿ ಬಾಯಿಗೆ ಬರಲಿಲ್ಲ, ಹಿಂದಿನ ಬೆಂಚಿನವರು ನಕ್ಕರು ಅಂದೆ. ಏನೋ ಎರಡು ಸಮಾಧಾನದ ಮಾತು ಹೇಳಿ ಫೋನ್ ಇಟ್ಟೆ. ಅದು ಸಾಲದು ಅಂತ ಆಮೇಲೆ ನನಗೇ ಅನ್ನಿಸಿತು. ಫೋನಿನ ಮಾತು ಹಾಸ್ಟೆಲ್ಲಿನ ಗದ್ದಲದಲ್ಲಿ ಹಾರಿಹೋಗುತ್ತದೆ. ಕಾಗದದಲ್ಲಿದ್ದರೆ ಬೇಕಾದಾಗ ತೆಗೆದು ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ದಪ್ಪ ಡಿಕ್ಷನರಿಯನ್ನು ಟ್ರಂಕಿನಲ್ಲಿಡು. ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡುತ್ತೇನೆ, ನಾಲ್ಕನೇ ದಿನಕ್ಕೆ ಒಂದೂ ನೆನಪಿರಲ್ಲ ಅಂದೆಯಲ್ಲ, ಅದು ನಿನ್ನ ತಲೆಯ ತಪ್ಪಲ್ಲ. ಎಲ್ಲರ ತಲೆಯೂ ಹಾಗೇ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸನ ಹೆಸರು ನಿಮಗೆ ಸೈಕಾಲಜಿ ಪಾಠದಲ್ಲಿ ಬರುತ್ತದೆ. ಅರ್ಥವೇ ಇಲ್ಲದ ಉಲಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಲೆಕ್ಕ ಇಟ್ಟ ಮನುಷ್ಯ ಅವನು. 1885ರಲ್ಲಿ ಅದನ್ನು ಪುಸ್ತಕ ಮಾಡಿದ. ಕಲಿತ ಮೊದಲ ಕೆಲವು ತಾಸಿನಲ್ಲೇ ಮರೆವು ಜಾಸ್ತಿ, ಆಮೇಲೆ ನಿಧಾನವಾಗುತ್ತದೆ ಅಂತ ಕಂಡುಕೊಂಡ. ಇನ್ನೊಂದು ಲೆಕ್ಕ ನನಗೆ ಭಾಳ ಹಿಡಿಸಿತು. ಒಂದೇ ದಿನ ಕೂತು 68 ಸಲ ಓದಿದ್ದರಿಂದ ಆದ ಲಾಭ, ಮೂರು ದಿನಕ್ಕೆ ಹಂಚಿ 38 ಸಲ ಓದಿದಾಗಲೇ ಅವನಿಗೆ ಸಿಕ್ಕಿತ್ತು. ಹೆಚ್ಚುಕಡಿಮೆ ಅರ್ಧ ದುಡಿಮೆ ಉಳಿಯಿತು ನೋಡು.

ನೀನು ಸಣ್ಣಾಕಿ ಇದ್ದಾಗ ಗೋಳಗುಮ್ಮಟ ಹತ್ತಿ ನಿನ್ನ ಹೆಸರನ್ನೇ ಕೂಗಿದ್ದೆ, ನೆನಪಿದೆಯಾ? ಅಲ್ಲಿ ಒಮ್ಮೆ ಕೂಗಿದರೆ ಏಳು ಸಲ ತಿರುಗಿ ಕೇಳುತ್ತದೆ ಅಂತ ನಮ್ಮೂರವರು ಹೇಳುತ್ತಾರೆ. ನಮ್ಮ ತಲೆ ಗೋಳಗುಮ್ಮಟ ಅಲ್ಲ. ಇಲ್ಲಿ ಆ ಏಳೂ ಕೂಗನ್ನು ನಾವೇ ಕೂಗಬೇಕು. ಇವತ್ತು ಒಂದು, ನಾಳೆ ಒಂದು, ನಾಲ್ಕು ದಿನ ಬಿಟ್ಟು ಮತ್ತೊಂದು.

ಈಗ ನಿನಗೆ ಇಲ್ಲಿವರೆಗೆ ಹೇಳದೇ ಇದ್ದ ಒಂದು ಸಂಗತಿ ಹೇಳುತ್ತೇನೆ. ನಾನೂ ಕನ್ನಡ ಸಾಲಿಯಲ್ಲಿ ಓದಿದವಳೇ. ನರ್ಸ್ ಕೆಲಸಕ್ಕೆ ಸೇರಿದ ಹೊಸದು. ರಾತ್ರಿ ಡ್ಯೂಟಿ. ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು ವಾರ್ಡಿನಲ್ಲಿದ್ದರು. ನಸುಕಿನಲ್ಲಿ ಅವರ ಮೈಯೆಲ್ಲ ಬೆವರಿ ತಣ್ಣಗಾಯಿತು. ಕೈ ನಡುಗತೊಡಗಿತು, ಮಾತು ತೊದಲಿತು. ಸಕ್ಕರೆ ತೀರಾ ಇಳಿದಿದೆ ಅಂತ ನನಗೆ ಗೊತ್ತಾಯಿತು. ಗಾಬರಿಯಲ್ಲಿ ಡಾಕ್ಟರಿಗೆ ಫೋನ್ ಹಚ್ಚಿ 'ಹೈಪರ್' ಅಂದುಬಿಟ್ಟೆ. ಹೇಳಬೇಕಾದದ್ದು 'ಹೈಪೋ'. ಹೈಪರ್ ಅಂದರೆ ಏರಿದೆ, ಹೈಪೋ ಅಂದರೆ ಇಳಿದಿದೆ. ಒಂದಕ್ಕೆ ಇನ್ಸುಲಿನ್, ಇನ್ನೊಂದಕ್ಕೆ ಗ್ಲುಕೋಸ್. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಅದನ್ನು ಕೇಳಿಸಿಕೊಂಡು, ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸರಿಪಡಿಸಿದರು. ಗ್ಲುಕೋಸ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಅಜ್ಜ ನೆಟ್ಟಗೆ ಮಾತಾಡಿದರು, ಚಹಾ ಕೇಳಿದರು. ನನ್ನ ಕೈ ನಡುಕ ಮಾತ್ರ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಆ ಸಿಸ್ಟರ್ ಬೈಯಲಿಲ್ಲ. ಡ್ಯೂಟಿ ಮುಗಿದ ಮೇಲೆ ನನ್ನ ಪಕ್ಕ ಕೂತು, "ಲೋ, ಹೈಪೋ, ಎರಡೂ 'ಓ' ಅಂತ ಮುಗೀತಾವ ನೋಡು" ಅಂದರು. ಅಷ್ಟೇ. ಆ ಪದ ಮತ್ತೆಂದೂ ನನಗೆ ತಪ್ಪಲಿಲ್ಲ. ಹೊಸ ಪದಕ್ಕೆ ಮೊದಲೇ ಗೊತ್ತಿದ್ದ ಪದವನ್ನು ಕೊಂಡಿ ಹಾಕಿದರೆ ಅದು ಬಿಟ್ಟುಹೋಗಲ್ಲ ಅಂತ ಅವತ್ತು ತಿಳಿಯಿತು. ನಿನ್ನ ತಾಯಿಯ ಊರು ಇಳಕಲ್. ಅಲ್ಲಿ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿಯೇ ಸೇರಿಸುತ್ತಾರೆ, ನೀನು ನೋಡಿದ್ದೀಯ. ಬಾಯಿಪಾಠ ಮಾಡಿದ ಆ ಐವತ್ತು ಪದಗಳಿಗೆ ಕೊಂಡಿ ಇರಲಿಲ್ಲ, ಅಷ್ಟೇ.

ಆ ದಿನವೇ ಏಪ್ರನ್ ಕಿಸೆಯಲ್ಲಿ ಹಿಡಿಯುವಂಥ ಸಣ್ಣ ಡೈರಿ ತಂದೆ. ದಿನಕ್ಕೆ ಮೂರು ಪದ. ಜಾಸ್ತಿ ಬೇಡ. ಉತ್ಸಾಹ ಬಂದ ದಿನವೂ ಮೂರೇ, ಸುಸ್ತಾದ ದಿನವೂ ಮೂರೇ. ಆದರೆ ಆ ಮೂರು ನಿನ್ನ ಕೈಗೆ ತಾಗಿದ ಪದಗಳಾಗಿರಬೇಕು. ಅವತ್ತು ವಾರ್ಡಿನಲ್ಲಿ ಕೇಳಿದ್ದು, ಔಷಧಿ ಡಬ್ಬಿಯ ಮೇಲೆ ಓದಿದ್ದು, ಮೆಸ್ಸಿನಲ್ಲಿ ಯಾರೋ ಅಂದದ್ದು. ಡಿಕ್ಷನರಿಯ ಮೊದಲ ಪುಟದಿಂದ ತೆಗೆದ ಪದಕ್ಕೆ ಮುಖ ಇರಲ್ಲ. ಆ ಅಜ್ಜನ ಬೆವರು ನೆನಪಾದರೆ ನನಗೆ ಇವತ್ತಿಗೂ ಹೈಪೋ ನೆನಪಾಗುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತೀಯಾ? ನೋವಿನಿಂದ ಶುರು ಮಾಡು. ನಮ್ಮ ಜನ ನೋವನ್ನು ಎಷ್ಟು ನಮೂನೆ ಹೇಳುತ್ತಾರೆ ಅಂತ ಒಮ್ಮೆ ಕಿವಿಗೊಟ್ಟು ಕೇಳು. ಸಿಂದಗಿ ಕಡೆಯ ಹೆಣ್ಣುಮಗಳು "ಹೊಟ್ಟ್ಯಾಗ ಹಿಂಡಿದಂಗ ಆಗಲಿಕತ್ತದ್ರಿ" ಅನ್ನುತ್ತಾಳೆ. ಅದು ಕ್ರ್ಯಾಂಪಿಂಗ್. "ಎದಿ ಉರೀತದ" ಅಂದರೆ ಬರ್ನಿಂಗ್. "ಸೂಜಿ ಚುಚ್ಚಿದಂಗ" ಅಂದರೆ ಪ್ರಿಕಿಂಗ್, ಚಾಕು ಹಾಕಿದ ಹಾಗೆ ಅಂದರೆ ಸ್ಟ್ಯಾಬಿಂಗ್. ತಲೆಯೊಳಗೆ ಸುತ್ತಿಗೆ ಹೊಡೆದ ಹಾಗೆ ಅಂದರೆ ಥ್ರಾಬಿಂಗ್. "ಕಾಲು ಜುಮುಜುಮು ಅಂತಾವ" ಅಂದರೆ ಟಿಂಗ್ಲಿಂಗ್, ಮುಟ್ಟಿದ್ದೇ ಗೊತ್ತಾಗದಿದ್ದರೆ ನಂಬ್‌ನೆಸ್. "ತಲಿ ಗಿರ್ ಅಂತದ" ಅಂದರೆ ಗಿಡ್ಡಿನೆಸ್. ಇವೆಲ್ಲವನ್ನೂ ಬರೀ 'ಪೇನ್' ಅಂತ ಬರೆದರೆ ಡಾಕ್ಟರಿಗೆ ಏನು ತಿಳಿಯಬೇಕು ಹೇಳು? ಹಿಂಡುವ ನೋವಿಗೂ ಉರಿಯುವ ನೋವಿಗೂ ಕಾರಣ ಬೇರೆ. ಇಷ್ಟು ಸೂಕ್ಷ್ಮ ಎಲ್ಲ ನಿನ್ನ ಕನ್ನಡದಲ್ಲಿ ಮೊದಲೇ ಇದೆ. ನಕ್ಕ ಹುಡುಗಿಯರಿಗೆ ಇಂಗ್ಲಿಷ್ ಗೊತ್ತಿರಬಹುದು. ಆ ಹೆಣ್ಣುಮಗಳ ಮಾತು ನಿನ್ನಷ್ಟು ಚೆನ್ನಾಗಿ ಅವರಿಗೆ ತಿಳಿಯುತ್ತದೆ ಅಂತ ನಾನು ಒಪ್ಪಲ್ಲ.

ಒಂದು ಕಡೆ ಮಾತ್ರ ಹುಷಾರಾಗಿರು. ನಮ್ಮ ಒಂದು ಪದಕ್ಕೆ ಅವರದೂ ಒಂದೇ ಪದ ಇರುತ್ತದೆ ಅಂತ ತಿಳಿಯಬೇಡ. 'ಹಚ್ಚು' ಅನ್ನುವುದನ್ನೇ ತಗೋ. ದೀಪ ಹಚ್ಚುತ್ತೇವೆ, ಅದು ಲೈಟ್. ಮುಲಾಮು ಹಚ್ಚುತ್ತೇವೆ, ಅದು ಅಪ್ಲೈ. ಗಿಡ ಹಚ್ಚಿದರೆ ಪ್ಲಾಂಟ್, ಫೋನ್ ಹಚ್ಚಿದರೆ ಕಾಲ್, ಟಿವಿ ಹಚ್ಚಿದರೆ ಸ್ವಿಚ್ ಆನ್. ಮಗುವನ್ನು ಸಾಲಿಗೆ ಹಚ್ಚಿದರೆ ಅಡ್ಮಿಟ್. ಸಲೈನ್ ಹಚ್ಚಿದರೆ ಸ್ಟಾರ್ಟ್. ನಮ್ಮ ಕಡೆಯ ಒಂದು ಸಣ್ಣ ಮಾತಿಗೆ ಅವರು ಏಳು ಬಾಗಿಲು ಬಡಿಯಬೇಕು. ಹಾಗೆಯೇ ಅವರ 'ಟೇಕ್', 'ಗೆಟ್', 'ಪುಟ್' ಹಿಡಿದು ಹೊರಟರೆ ನಮ್ಮಲ್ಲಿ ಹತ್ತಾರು ಪದ ಬೇಕಾಗುತ್ತವೆ.

ಅದಕ್ಕೇ ಪದವನ್ನು ಒಂಟಿಯಾಗಿ ಬರೆಯಬೇಡ. ಜೊತೆಗಾರನ ಸಮೇತ ಬರೆ. ನಾವು ಜ್ವರ 'ನೋಡುತ್ತೇವೆ', ಅವರು ಟೆಂಪರೇಚರನ್ನು 'ಟೇಕ್' ಮಾಡುತ್ತಾರೆ. ನಾವು ಇಂಜೆಕ್ಷನ್ 'ಮಾಡುತ್ತೇವೆ', ಅವರು 'ಗಿವ್' ಅನ್ನುತ್ತಾರೆ. ನಾವು ತಪ್ಪು 'ಮಾಡುತ್ತೇವೆ' ಅಂತ 'ಡೂ' ಹಾಕಿದರೆ ಅವರ ಕಿವಿಗೆ ಒರಟಾಗುತ್ತದೆ, ಅಲ್ಲಿ 'ಮೇಕ್' ಬೇಕು. ಅವತ್ತು ಸರ್ ಕೇಳಿದಾಗ ನಿನಗೆ 'ಟೆಂಪರೇಚರ್' ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಅದರ ಪಕ್ಕದ 'ಟೇಕ್' ಸಿಗದೆ ನಾಲಿಗೆ ನಿಂತಿತು. ಐದು ಅಕ್ಷರದ ಪದವಲ್ಲ, ಎರಡಕ್ಷರದ್ದು ಕೈಕೊಟ್ಟಿತು.

ಇನ್ನೊಂದು ಸುಲಭದ ದಾರಿ ಇದೆ. ಸಾಲಿಯ ಮೆಟ್ಟಿಲೇ ಹತ್ತದ ನಮ್ಮ ಆಯಿಯ ಬಾಯಲ್ಲಿ ಎಷ್ಟು ಇಂಗ್ಲಿಷ್ ಪದ ಇವೆ ಅಂತ ಎಣಿಸು. ಬಿಪಿ, ಶುಗರ್, ಎಕ್ಸ್‌ರೇ, ಬಿಲ್ಲು, ಕರೆಂಟು, ಡಿಸ್ಚಾರ್ಜ್. ನಿನ್ನ ಬಾಯಲ್ಲಿ ಅದರ ಹತ್ತು ಪಟ್ಟು. ಗೊತ್ತಿರುವ ಆ ಪದಗಳ ಎರಡನೇ ಅರ್ಥ ಹುಡುಕು. ಪೇಷಂಟ್ ಮನೆಗೆ ಹೋಗುವುದೂ ಡಿಸ್ಚಾರ್ಜ್, ಗಾಯದಿಂದ ಕೀವು ಬರುವುದೂ ಡಿಸ್ಚಾರ್ಜ್. ಅಡ್ಮಿಟ್ ಅಂದರೆ ತಪ್ಪು ಒಪ್ಪಿಕೊಳ್ಳುವುದೂ ಹೌದು. ಹೊಸ ಉಚ್ಚಾರ ಕಲಿಯುವ ತ್ರಾಸಿಲ್ಲ.

ಆ ಉದ್ದುದ್ದ ರೋಗದ ಹೆಸರುಗಳಿಗೂ ಹೆದರಬೇಡ. ಜ್ವಾಳದ ದಂಟು ಮುರಿದ ಹಾಗೆ ಗಿಣ್ಣಿಗೆ ಮುರಿ. ಕೊನೆಗೆ 'ಐಟಿಸ್' ಬಂದರೆ ಉರಿಯೂತ: ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಅಪೆಂಡಿಸೈಟಿಸ್. 'ಎಕ್ಟಮಿ' ಬಂದರೆ ಆ ಭಾಗವನ್ನೇ ತೆಗೆದುಹಾಕುವುದು. ಮೊದಲಿಗೆ 'ಟ್ಯಾಕಿ' ಬಂದರೆ ವೇಗ, 'ಬ್ರ್ಯಾಡಿ' ಬಂದರೆ ನಿಧಾನ. ಮೂವತ್ತು ಗಿಣ್ಣು ಗೊತ್ತಾದರೆ ನೂರಾರು ಹೆಸರು ತಾನಾಗಿ ಬಿಚ್ಚಿಕೊಳ್ಳುತ್ತವೆ.

ಬರೆದದ್ದನ್ನು ಬಾಯಿಬಿಟ್ಟು ಹೇಳಲೇಬೇಕು. ಇಂಗ್ಲಿಷಿನಲ್ಲಿ ಬರೆಯುವುದೇ ಒಂದು, ಅನ್ನುವುದೇ ಒಂದು. ನ್ಯುಮೋನಿಯಾಕ್ಕೆ ಮುಂದೆ 'ಪಿ' ಬರೆಯುತ್ತಾರೆ, ಯಾರೂ ಅನ್ನಲ್ಲ. ಮೊಬೈಲಿನ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳು, ನೀನೂ ಅನ್ನು. ಬಟ್ಟೆ ಒಗೆಯುವಾಗ ಹಿಂದಿನ ದಿನದ ಮೂರು ಪದ ಗಟ್ಟಿಯಾಗಿ ಹೇಳಿಕೋ. ಆ ಮೂರನ್ನು ಸೇರಿಸಿ ಯಾರಾದರೂ ಒಬ್ಬರ ಹತ್ತಿರ ಒಂದೊಂದು ವಾಕ್ಯ ಆಡು. ನಿನ್ನ ರೂಮಿನ ಮರಾಠಿ ಹುಡುಗಿ ಒಳ್ಳೆಯವಳು ಅಂದೆಯಲ್ಲ, ಅವಳೇ ಸಾಕು. ಬೆಳಗಾವಿಯ ಅಂಗಡಿಯವರನ್ನು ನೋಡು. ಒಬ್ಬ ಗಿರಾಕಿಗೆ ಕನ್ನಡ, ಇನ್ನೊಬ್ಬರಿಗೆ ಮರಾಠಿ, ಮೂರನೆಯವರಿಗೆ ಹಿಂದಿ. ತಪ್ಪಾದೀತು ಅಂತ ಅವರು ಸುಮ್ನೆ ಕೂತಿದ್ದರೆ ವ್ಯಾಪಾರ ಆಗುತ್ತಿತ್ತಾ?

ವಾರಕ್ಕೊಮ್ಮೆ, ಭಾನುವಾರ ಕಾಲು ತಾಸು, ಡೈರಿ ಹಿಂದಕ್ಕೆ ತಿರುವು. ಅರ್ಥ ಬರೆದ ಬದಿಯನ್ನು ಕೈಯಿಂದ ಮುಚ್ಚಿ ನೆನಪು ಮಾಡಿಕೋ. ಸುಮ್ನೆ ಕಣ್ಣಾಡಿಸಿದರೆ ಎಲ್ಲ ಗೊತ್ತಿದೆ ಅಂತಲೇ ಅನ್ನಿಸುತ್ತದೆ. ಮುಚ್ಚಿದಾಗಲೇ ನಿಜ ತಿಳಿಯುವುದು. ಬರದಿದ್ದರೆ ಅದಕ್ಕೊಂದು ಚುಕ್ಕಿ ಇಟ್ಟು ಮುಂದಿನ ವಾರದ ಪುಟದಲ್ಲಿ ಮತ್ತೆ ಬರೆ.

ಮೂರು ಪದದಿಂದ ಏನಾಗುತ್ತದೆ ಅಂತ ನಿನಗೆ ಅನ್ನಿಸಬಹುದು. ಮೈಕಲ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಮಾಸ್ತರರು ಢಾಕಾದಲ್ಲಿ ಕೆಲಸ ಮಾಡಿದ್ದರು. ಬಂಗಾಳಿ ಮಕ್ಕಳ ಇಂಗ್ಲಿಷ್ ಪುಸ್ತಕಗಳಲ್ಲಿ ಅಪರೂಪದ ಪದಗಳೇ ತುಂಬಿ ಮಕ್ಕಳು ಸೋಲುವುದನ್ನು ಕಣ್ಣಾರೆ ಕಂಡವರು. 1953ರಲ್ಲಿ ಅವರು ಜಾಸ್ತಿ ಬಳಕೆಯ ಸುಮಾರು 2000 ಪದಗಳ ಪಟ್ಟಿಯನ್ನು ಹೊರತಂದರು. ಮಾಮೂಲಿ ಬರಹದ ಐದು ಪದಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಅದರಲ್ಲಿರುತ್ತವೆ. ದಿನಕ್ಕೆ ಮೂರು ಅಂದರೆ ವರ್ಷಕ್ಕೆ 1095. ನಿನ್ನ ನಾಲ್ಕು ವರ್ಷದ ಕೋರ್ಸ್ ಮುಗಿಯುವುದರೊಳಗೆ 4000 ದಾಟುತ್ತದೆ. ಕೆಲವು ಮರೆತರೂ ನಿನಗೆ ಕೊರತೆಯಿಲ್ಲ.

ಕಿಟೆಲ್ ಸಾಹೇಬರು 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ನಿನಗಿಂತ ಎರಡೇ ವರ್ಷ ದೊಡ್ಡವರು. ಹುಬ್ಬಳ್ಳಿ, ಧಾರವಾಡದ ಜನರ ನಡುವೆ ಇದ್ದು, ಅವರ ಮಾತು, ಗಾದೆ ಎಲ್ಲ ಕೇಳಿ ಬರೆದಿಟ್ಟುಕೊಂಡರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಬಂದ ಹೊಸದರಲ್ಲಿ ಅವರಿಗೂ ನಮ್ಮ 'ಹಚ್ಚು' ತೊಡಕಾಗಿಯೇ ಇದ್ದೀತು, ಅಲ್ವಾ?

ಬುಧವಾರ ನಿಮ್ಮಪ್ಪ ಬೆಳಗಾವಿಗೆ ಬರುತ್ತಾನೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಕಿಸೆಗೆ ಹಿಡಿಯುವ ಒಂದು ಡೈರಿ ಕಳಿಸುತ್ತಿದ್ದೇನೆ. ಮೊದಲ ಪುಟ ನಾನೇ ಬರೆದಿದ್ದೇನೆ: ಟೇಕ್ ದ ಟೆಂಪರೇಚರ್. ಅದರ ಕೆಳಗೆ ಎರಡು ಸಾಲು ನಿನಗೆ ಬಿಟ್ಟಿದ್ದೇನೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬಂದಾಗ ಆ ಡೈರಿ ತಗೊಂಡೇ ಬಾ. ನಾನು ಕೈಯಿಂದ ಮುಚ್ಚಿ ಕೇಳುತ್ತೇನೆ.

ಮತ್ತೆ ನನ್ನದೂ ಒಂದು ಕೆಲಸ ಇದೆ. 'ಕಳಮಳ' ಅನ್ನುವ ಪದಕ್ಕೆ ಇಷ್ಟು ವರ್ಷದ ಸರ್ವಿಸ್‌ನಲ್ಲಿ ನನಗೆ ಸರಿಯಾದ ಇಂಗ್ಲಿಷ್ ಪದ ಸಿಗಲಿಲ್ಲ. "ಹೊಟ್ಟ್ಯಾಗ ಕಳಮಳ" ಅಂದಾಗ ನಾಸಿಯಾ, ಅಂದರೆ ವಾಕರಿಕೆ, ಅಂತ ಬರೆದೆ. ಆಪರೇಷನ್ನಿನ ಹಿಂದಿನ ರಾತ್ರಿ ಒಬ್ಬ ತಾಯಿ "ಜೀವಕ್ಕ ಕಳಮಳ ಆಗ್ಯಾದ ಸಿಸ್ಟರ್" ಅಂದಾಗ ಆಂಗ್ಸೈಟಿ, ಅಂದರೆ ಆತಂಕ, ಅಂತ ಬರೆದೆ. ಎರಡು ಸಲವೂ ಅರ್ಧವೇ ಬರೆದ ಹಾಗಾಯಿತು. ನಿನಗೆ ಸಿಕ್ಕರೆ ನನಗೆ ತಿಳಿಸು.

ನಿನ್ನ ಪ್ರೀತಿಯ
ಅತ್ತೆ